ಬಚ್ಚಲಿನ ಟ್ರಯಲ್

ನಮ್ಮ ಭಾವ ಟೈಲರ್. ಗಂಡಸರ ಬಟ್ಟೆ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಹೊಲಿದು ಕೊಟ್ಟರೆ ಮಾತ್ರ. ಇವತ್ತು ಅಳತೆ ತೆಗೆಯುತ್ತಾರೆ. ಮರುದಿನ ಅನುಮಾನ ಬಂದು ಅದೇ ಮನುಷ್ಯನನ್ನು ಕರೆಸಿ ಮತ್ತೆ ಅಳತೆ ತೆಗೆಯುತ್ತಾರೆ. ಆಮೇಲೆ ಕತ್ತರಿ ಕೈಗೆತ್ತಿಕೊಂಡು ಬಟ್ಟೆಯನ್ನೇ ನೋಡುತ್ತ ಕೂರುತ್ತಾರೆ. ಗಿರಾಕಿ ಬಾಗಿಲಿಗೆ ಬಂದರೆ ‘ಎಲ್ಲಾ ಆಗಿದೆ, ಕಾಜಾ ಒಂದು ಬಾಕಿ, ನಾಳೆ ಬನ್ನಿ’ ಎನ್ನುತ್ತಾರೆ. ಗುಂಡಿ ತೂರಿಸುವ ತೂತೊಂದು ಬಿಟ್ಟು ಮಿಕ್ಕಿದ್ದೆಲ್ಲ ಮುಗಿದಿದೆ ಎಂದು ನಂಬಿ ಗಿರಾಕಿ ಹೋಗುತ್ತಾನೆ. ಅವನ ಬಟ್ಟೆಯಾದರೋ ತಂದುಕೊಟ್ಟ ಕವರಿನಿಂದ ಇನ್ನೂ ಹೊರಗೇ ಬಂದಿರುವುದಿಲ್ಲ. ಮದುವೆಗೆಂದು ಕೋಟು ಕೊಟ್ಟಿದ್ದ ಒಬ್ಬ ಪುಣ್ಯಾತ್ಮ ಅದನ್ನು ಮೊದಲು ಹಾಕಿಕೊಂಡಿದ್ದು ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವಾಗ. ಆದರೂ ಕೋಟು ಚೆನ್ನಾಗಿ ಕೂತಿತ್ತು ಎಂದು ಆತ ಇವತ್ತಿಗೂ ಹೇಳುತ್ತಾನೆ.

ಇಂಥವರ ಕೈಗೆ ಮನೆಯ ಬಚ್ಚಲು ಸಿಕ್ಕಿತು.

ನಾನು ಆ ಮನೆಯಲ್ಲಿ ಅಕ್ಕನ ತಮ್ಮ. ನೆಂಟನಾಗಿ ಬಂದು ಬಾಡಿಗೆದಾರನಾಗಿ ಉಳಿದವನು, ಬಾಡಿಗೆ ಕೊಡುವ ಒಂದು ಅಭ್ಯಾಸ ಬಿಟ್ಟು. ಆದ್ದರಿಂದ ಅಲ್ಲಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆದದ್ದು. ಒಂದು ಘಟ್ಟದಲ್ಲಿ ಕಣ್ಣಿಗೆ ಸೋಪು ಹೋಗಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಆ ಬಚ್ಚಲನ್ನು ಕಟ್ಟಿಸಿದವರು ಯಾರೋ, ಸ್ನಾನವನ್ನು ಒಂದು ಸಾಹಸವೆಂದು ತಿಳಿದವರಿರಬೇಕು. ಹೊಸಿಲು ಮೊಣಕಾಲೆತ್ತರ. ಅದನ್ನು ಹತ್ತಿ ಇಳಿದರೆ ನೆಲ ಗಾಜಿನಷ್ಟು ನುಣುಪು. ಹಿಡಿದುಕೊಳ್ಳಲು ಒಂದು ನಲ್ಲಿ. ಬಚ್ಚಲ ಬೆನ್ನಿಗೆ ಅಂಟಿಕೊಂಡಂತೆ ಕಕ್ಕಸು. ಭಾವನ ತಾಯಿ, ಅಂದರೆ ಅಕ್ಕನ ಅತ್ತೆ, ನನಗೂ ಬಾಯಿತುಂಬ ಅತ್ತೆಮ್ಮ, ಒಂದು ಬೆಳಿಗ್ಗೆ ಅಲ್ಲಿ ಜಾರಿ ನಲ್ಲಿಯನ್ನು ಹಿಡಿದುಕೊಂಡರು. ನಲ್ಲಿ ಅವರ ಜೊತೆಗೇ ಬಂತು. ನಾವೆಲ್ಲ ಓಡಿಹೋಗಿ ನೋಡಿದಾಗ ಅತ್ತೆಮ್ಮ ನೆಲದ ಮೇಲೆ ಕೈಯಲ್ಲಿ ನಲ್ಲಿ ಹಿಡಿದು ಕೂತಿದ್ದರು, ಗೋಡೆಯಿಂದ ನೀರು ಸೂರಿಗೆ ಚಿಮ್ಮುತ್ತಿತ್ತು. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಅಂದಿನಿಂದ ಅವರು ಬಚ್ಚಲ ಕಡೆ ತಲೆಹಾಕಲು ಹೆದರಿ, ಇವತ್ತು ಮೈ ಒರೆಸಿಕೊಂಡರೆ ಸಾಕು ಎನ್ನತೊಡಗಿದರು. ಒಂದು ದಿನ ನನ್ನ ಕೈಲಿ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿಕೊಂಡರು.

“ಬಚ್ಚಲು ಸರಿ ಮಾಡಿಸ್ತೀಯೋ, ನನ್ನನ್ನ ಮಗಳ ಮನೇಲಿ ಬಿಟ್ಟು ಬರ್ತೀಯೋ, ಎರಡರಲ್ಲಿ ಒಂದು ಹೇಳು. ಒಂದ್ಸಲ ಹೋದ್ಮೇಲೆ ನಾನು ವಾಪಸ್ ಬರೋಳಲ್ಲ,” ಎಂದು ಮಗನಿಗೆ ಹೇಳಿದರು.

ಭಾವನ ಮುಖ ಸಪ್ಪಗಾಯಿತು. ತಾಯಿಯ ಬೈಗುಳ ಕೇಳದೆ ಅವರಿಗೆ ತುತ್ತು ಇಳಿಯುವುದಿಲ್ಲ. ಅಮ್ಮ ಇಲ್ಲದ ಮನೆಯನ್ನು ಅವರು ಊಹಿಸಿಕೊಂಡದ್ದೇ ಇಲ್ಲ. ನಾಳೆನೇ ಶುರು ಮಾಡಿಸ್ತೀನಮ್ಮಾ ಎಂದರು. ಆ ಮಾತು ಕೇಳಿದ್ದೇ ಅತ್ತೆಮ್ಮ ಸೂಟ್‌ಕೇಸಿನ ಧೂಳು ಒರೆಸಲು ಕೂತರು.

ಭಾವ ಅಷ್ಟಕ್ಕೇ ಹೊಸಿಲು ಒಡೆಸಿ, ನೆಲ ಜಾರದಂತೆ ತರಿತರಿ ಮಾಡಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ವಾರ ಅವರು ಒಬ್ಬ ಡಾಕ್ಟರ ಮನೆಗೆ ಸೂಟಿನ ಅಳತೆ ತೆಗೆಯಲು ಹೋದರು. ಅಳತೆ ಮುಗಿಸಿ ಕೈ ತೊಳೆಯಲೆಂದು ಅಲ್ಲಿನ ಬಾತ್‌ರೂಮಿಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ. ಅಲ್ಲಿ ಅಡ್ಡಕ್ಕೆ ಒಂದು ಗಾಜಿನ ಗೋಡೆಯಿತ್ತಂತೆ. ಆ ಕಡೆ ನೀರು, ಈ ಕಡೆ ಒಣ ನೆಲ. ಭಾವ ಆ ಕಡೆ ಹೋಗಿ ಈ ಕಡೆ ನೋಡಿದರು, ಈ ಕಡೆ ಬಂದು ಆ ಕಡೆ ನೋಡಿದರು. ಡಾಕ್ಟರು ಕೊನೆಗೆ ಬಾಗಿಲು ತಟ್ಟಿ ವಿಚಾರಿಸಿಕೊಂಡರು, ಈಚೆ ಬಂದ ಮೇಲೆ ಹೊಟ್ಟೆಗೆ ಮಾತ್ರೆಯನ್ನೂ ಕೊಟ್ಟರು. ಭಾವ ಮರ್ಯಾದೆಗೆ ಅದನ್ನು ನುಂಗಿ, ತಮ್ಮ ಮನಸ್ಸಿನಲ್ಲಿದ್ದದ್ದನ್ನು ತೋಡಿಕೊಂಡರು. ಡಾಕ್ಟರು ಒಳ್ಳೆಯವರು. ತಮಗೆ ಟೈಲ್ಸ್ ಹಾಕಿಸಿಕೊಟ್ಟ ಅಂಗಡಿಯವನನ್ನೇ ಒಂದು ದಿನ ಕಳಿಸುವುದಾಗಿ ಹೇಳಿದರು.

ಆವತ್ತಿನಿಂದ ಭಾವನ ಬಾಯಲ್ಲಿ ಬಚ್ಚಲು ಹೋಗಿ ಬಾತ್‌ರೂಮ್ ಬಂತು. ಬಾತ್‌ರೂಮ್ ಎಂದ ಮೇಲೆ ಅಳತೆ ಬೇಡವೇ. ಕತ್ತಿನಲ್ಲಿ ಟೇಪು ಹಾಕಿಕೊಂಡು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅಕ್ಕ ಚೊಂಬು ಎತ್ತಿದಾಗ ಮೊಣಕೈ ಎಷ್ಟು ದೂರ ಹೋಗುತ್ತದೆ, ನಾನು ಬೆನ್ನುಜ್ಜಿಕೊಳ್ಳಲು ಬಾಗಿದರೆ ಎಷ್ಟು ಜಾಗ ಬೇಕು, ಎಲ್ಲ ಅಳೆದರು. ನನ್ನ ಸೊಂಟದ ಸುತ್ತಳತೆ ಯಾಕೆ ಬೇಕೆಂದು ಕೇಳಿದ್ದಕ್ಕೆ, ಬಾಗಿಲು ಕೂಡಿಸುವಾಗ ನಿನ್ನನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕಲ್ಲ ಎಂದರು. ಆಮೇಲೆ ನಾನು ಏನನ್ನೂ ಕೇಳಲಿಲ್ಲ.

ಅಕ್ಕ ಮಾತ್ರ ಕೇಳಿದಳು. ಗಾರೆ ಮೇಸ್ತ್ರಿಯನ್ನು ಯಾವಾಗ ಕರೆಸುತ್ತೀರಿ ಎಂದು.

“ಟ್ರಯಲ್ ನೋಡದೆ ಕತ್ತರಿ ಹಾಕಿದ್ದನ್ನ ಯಾವತ್ತಾದ್ರೂ ಕಂಡಿದ್ದೀಯೇನೆ?” ಎಂದರು ಭಾವ.

ನಮ್ಮದು, ಪಕ್ಕದ್ದು, ಎದುರಿನದು, ಮೂರು ಮನೆಗೂ ಸೇರಿ ಒಂದೇ ಅಂಗಳ. ಎಲ್ಲರೂ ಓಡಾಡುವ ಸಿಮೆಂಟಿನ ಅಂಗಳ. ಮನೆಯೊಳಗೆ ಅಷ್ಟು ಜಾಗ ಇಲ್ಲದ್ದರಿಂದ ಭಾವ ಅಲ್ಲಿಗೇ ಹೋಗಿ, ಬಟ್ಟೆಗೆ ಗುರುತು ಹಾಕುವ ತಮ್ಮ ಸೀಮೆಸುಣ್ಣದಿಂದ ಬಾತ್‌ರೂಮನ್ನು ಪೂರಾ ಅಳತೆಯಲ್ಲಿ ಬರೆದರು. ಬಚ್ಚಲು ಮತ್ತು ಕಕ್ಕಸು ಸೇರಿಸಿ ಒಂದೇ ಕೋಣೆ. ನಾಲ್ಕು ಗೋಡೆ, ಬಾಗಿಲಿಗೆ ಜಾಗ, ನಡುವೆ ಗಾಜು. ಕಮೋಡಿನ ಬದಲು ಒಂದು ಕುರ್ಚಿ, ಬೇಸಿನ್ನಿನ ಬದಲು ಸ್ಟೂಲು. ಬಿಸಿಲಿಗೆ ನೆರಳು ಬೇಕೆಂದು ಇಡೀ ನಕ್ಷೆಯನ್ನು ಎದುರು ಮನೆ ಕಡೆಗೆ ತಿರುಗಿಸಿದ್ದರು. ಅದರಿಂದ ಕೊಳಚೆ ನೀರಿನ ಗೆರೆ ನೇರವಾಗಿ ಎದುರು ಮನೆಯ ಮೆಟ್ಟಿಲಿಗೆ ಹೋಗಿ ನಿಂತಿತು. ಅದು ನಿವೃತ್ತ ಹೆಡ್‌ಮಾಸ್ತರ ಮನೆ. ಎರಡು ದಿನದಲ್ಲಿ ಗೆರೆ ಅಳಿಸಿಹೋಯಿತೆಂದು ಭಾವ ಅದರ ಮೇಲೆ ಸುಣ್ಣ ಬಳಿದರು. ಈಗ ಬಾತ್‌ರೂಮ್ ದೂರದಿಂದಲೂ ಕಾಣುತ್ತಿತ್ತು.

ಟ್ರಯಲ್ ಶುರುವಾಯಿತು. ನಿಯಮ ಒಂದೇ, ಗೆರೆಯೆಂದರೆ ಗೋಡೆ. ಬರುವುದೂ ಹೋಗುವುದೂ ಬಾಗಿಲಿನಿಂದಲೇ. ಅಕ್ಕ ಸೋಪಿನ ಪೆಟ್ಟಿಗೆ ಹಿಡಿದು ಒಳಗೆ ಹೋಗಿ, ಬಟ್ಟೆ ತೊಟ್ಟುಕೊಂಡೇ ನೀರಿಲ್ಲದೆ ತಲೆ ತೊಳೆದುಕೊಂಡು ಬಂದಳು. ಮೊಣಕೈ ಗಾಜಿಗೆ ತಾಗಿತೆಂದು ಭಾವ ಅವಳನ್ನು ಮತ್ತೆ ಕಳಿಸಿದರು. ನಾನು ಇಲ್ಲದ ಶವರಿನ ಕೆಳಗೆ ನಿಂತು ಇಲ್ಲದ ನಲ್ಲಿ ತಿರುಗಿಸಿದೆ. ಭಾವ ಕುರ್ಚಿಯ ಮೇಲೆ ಕೂತು, ಮೊಣಕಾಲ ಮೇಲೆ ಕೈಯಿಟ್ಟು, ದಿಟ್ಟಿಸಿ ಮುಂದೆ ನೋಡುತ್ತಿದ್ದರು. ಹೊರಗಿನಿಂದ ನಾನು ಏನಾದರೂ ಕೇಳಿದರೆ, ಒಳಗಿದ್ದೀನಿ ಎನ್ನುತ್ತಿದ್ದರು. ಅಂಗಳದಲ್ಲಿ ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯಾಕೆ ಇದನ್ನು ನೋಡಿ ಬಕೆಟನ್ನು ಅಲ್ಲೇ ಬಿಟ್ಟು ಹೋದರು. ಅವರ ಬಟ್ಟೆ ಆ ದಿನ ಒಣಗಲಿಲ್ಲ.

ಹೆಡ್‌ಮಾಸ್ತರು ಹಾಗೆಲ್ಲ ಹಿಂದೆ ಸರಿಯುವವರಲ್ಲ. ಕೆಲಸದಿಂದ ನಿವೃತ್ತರಾದರೂ ವಿಚಾರಣೆಯಿಂದ ನಿವೃತ್ತರಾಗಿರಲಿಲ್ಲ. ನೇರವಾಗಿ ಗೆರೆ ತುಳಿದುಕೊಂಡು ಬಂದರು.

“ಮೇಷ್ಟ್ರೇ, ಗೋಡೆ,” ಎಂದರು ಭಾವ.

ಹೆಡ್‌ಮಾಸ್ತರು ಕಾಲು ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಹಾಗೆ ತೆಗೆದುಕೊಂಡದ್ದಕ್ಕೇ ಅವರಿಗೆ ಸಿಟ್ಟು ಹೆಚ್ಚಾಯಿತೆಂದು ತೋರುತ್ತದೆ. ಇಲ್ಲಿ ಏನು ಬರುತ್ತದೆ ಎಂದು ಕೇಳಿದರು. ಭಾವ ಬಾತ್‌ರೂಮ್ ಎಂದರು.

“ಇಲ್ಲೇನಾ?”

“ಇಲ್ಲೇ. ನಾನು ಕೂತಿದ್ದೀನಲ್ಲ, ಸರಿಯಾಗಿ ಇಲ್ಲಿ ಕಮೋಡು. ಇನ್ನೊಂಚೂರು ಹಿಂದೆ ಸರೀರಿ, ಫ್ಲಶ್ ಬರುತ್ತೆ.”

ಭಾವನ ತಲೆಯಲ್ಲಿ ಅಂಗಳ ಎಂಬುದೇ ಇರಲಿಲ್ಲ. ಅವರಿಗೆ ಅದು ಮನೆಯೊಳಗಿನ ಜಾಗ, ಸ್ವಲ್ಪ ಹೊತ್ತಿನ ಮಟ್ಟಿಗೆ ಹೊರಗೆ ಬಂದದ್ದು. ಹೆಡ್‌ಮಾಸ್ತರ ತಲೆಯಲ್ಲಿ ಅಂಗಳ ಬಿಟ್ಟು ಬೇರೇನೂ ಇರಲಿಲ್ಲ. ಎಲ್ಲರಿಗೂ ಸೇರಿದ ಜಾಗದಲ್ಲಿ, ತಮ್ಮ ಮೆಟ್ಟಿಲಿಗೆ ಕೊಳಚೆ ಬಿಟ್ಟುಕೊಂಡು, ಒಬ್ಬ ಟೈಲರ್ ಕಕ್ಕಸು ಕಟ್ಟುತ್ತಿದ್ದಾನೆ ಎಂದು ಅವರು ತಿಳಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಛತ್ರಿ ಹಿಡಿದು ಸೀದಾ ಪುರಸಭೆಗೆ ನಡೆದರು.

ಪುರಸಭೆಯ ಇನ್ಸ್‌ಪೆಕ್ಟರು ಬಂದದ್ದು ಮಧ್ಯಾಹ್ನ. ಅಂಗಿ ಇಸ್ತ್ರಿ ಹಾಕಿದ್ದು, ಕಂಕುಳಲ್ಲಿ ಕಡತ. ಭಾವ ಅಷ್ಟು ದಿನದಿಂದ ಟೈಲ್ಸ್ ಅಂಗಡಿಯವನ ದಾರಿ ಕಾಯುತ್ತಿದ್ದರು. ಡಾಕ್ಟರು ಮಾತಿಗೆ ತಪ್ಪಲಿಲ್ಲ ಎಂದು ಅವರಿಗೆ ಹೊಟ್ಟೆ ತಣ್ಣಗಾಯಿತು. ಬನ್ನಿ ಸಾರ್, ನಿಮ್ಮನ್ನೇ ಕಾಯ್ತಿದ್ದೆ ಎಂದು ಕೈ ಹಿಡಿದು ಕರೆದುಕೊಂಡರು. ಅಪರಾಧಿಯೊಬ್ಬ ಹೀಗೆ ಕೈ ಹಿಡಿದು ಕರೆಯುವುದನ್ನು ಇನ್ಸ್‌ಪೆಕ್ಟರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಗೊಂದಲದಲ್ಲಿ ಒಂದು ಹೆಜ್ಜೆ ಮುಂದಿಟ್ಟರು.

“ಗೋಡೆ ಹಾಯ್ಬೇಡಿ ಸಾರ್, ಬಾಗಿಲು ಈ ಕಡೆ.”

ಇನ್ಸ್‌ಪೆಕ್ಟರು ಸುತ್ತಿಕೊಂಡು ಬಾಗಿಲಿನಿಂದ ಬಂದರು. ಭಾವ ಅವರನ್ನು ಕಮೋಡಿನ ಮೇಲೆ ಕೂರಿಸಿ, ಕುಡಿಯಲು ನೀರು ತರಿಸಿ, ಗಾಜು ಎಲ್ಲಿ, ಶವರ್ ಎಲ್ಲಿ ಎಂದು ಎಲ್ಲವನ್ನೂ ಸಂಭ್ರಮದಿಂದ ವಿವರಿಸಿದರು. ಇದಕ್ಕೆಲ್ಲ ಒಪ್ಪಿಗೆ ತೆಗೆದುಕೊಂಡಿದ್ದೀರಾ ಎಂದು ಇನ್ಸ್‌ಪೆಕ್ಟರು ಗಂಭೀರವಾಗಿ ಕೇಳಿದರು.

“ಹೆಂಡತಿದು ಆಗಿದೆ ಸಾರ್. ಅಮ್ಮಂದು ಒಂದು ಬಾಕಿ.”

ಇನ್ಸ್‌ಪೆಕ್ಟರ ಕಿವಿ ಕೆಂಪಗಾಯಿತು. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದರು. ಭಾವ ಸುಣ್ಣದ ಗೆರೆ ತೋರಿಸಿ ಮೇಷ್ಟ್ರ ಮೆಟ್ಟಿಲಿಗೆ ಎಂದರು. ಅವರು ಏನೂ ಅನ್ನುವುದಿಲ್ಲವೇ ಎಂದರೆ, ದಿನಾ ನೋಡ್ತಾನೇ ಇದಾರಲ್ಲ ಸಾರ್ ಎಂದರು. ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದ ಹೆಡ್‌ಮಾಸ್ತರು ಕೆಮ್ಮಿದ್ದು ಅಂಗಳಕ್ಕೆಲ್ಲ ಕೇಳಿಸಿತು.

“ಗೋಡೆ ಎಬ್ಬಿಸೋದು ಯಾವಾಗ?”

“ನಾಳೆ,” ಎಂದರು ಭಾವ.

ಇಷ್ಟು ವರ್ಷದಲ್ಲಿ ಭಾವನ ‘ನಾಳೆ’ಯನ್ನು ಪೂರ್ತಿಯಾಗಿ ನಂಬಿದ ಮೊದಲ ಮನುಷ್ಯ ಆ ಇನ್ಸ್‌ಪೆಕ್ಟರು. ಒಂದೇ ದಿನ ಉಳಿದಿದೆ ಎಂದು ಅವರು ಗಡಿಬಿಡಿಯಲ್ಲಿ ಎದ್ದರು. ಹೋಗುವಾಗಲೂ ಬಾಗಿಲಿನಿಂದಲೇ ಹೋದರು. ಅಚ್ಚುಕಟ್ಟಾದ ಮನುಷ್ಯ, ಟೈಲ್ಸ್ ಕೂಡ ಅಚ್ಚುಕಟ್ಟಾಗಿ ಹಾಕಿಸುತ್ತಾನೆ ಎಂದು ಭಾವ ನನಗೆ ಹೇಳಿದರು.

ಆ ಸಂಜೆ ಅತ್ತೆಮ್ಮನ ಟ್ರಯಲ್. ಯಾರಿಗಾಗಿ ಇದೆಲ್ಲ ಶುರುವಾಗಿತ್ತೋ ಅವರ ಸರದಿ ಕಟ್ಟಕಡೆಗೆ ಬಂದಿತ್ತು. ಅತ್ತೆಮ್ಮ ನಿಧಾನವಾಗಿ ಅಂಗಳಕ್ಕೆ ಇಳಿದು ಸುಣ್ಣದ ಬಾಗಿಲ ಎದುರು ನಿಂತರು. ಹೊಸ ನಕ್ಷೆಯಲ್ಲಿ ಹೊಸಿಲು ಇರಲಿಲ್ಲ. ಆದರೂ ಅವರ ಕಾಲು ತಾನಾಗಿ ಮೇಲೆದ್ದಿತು, ಇಲ್ಲದ ಹೊಸಿಲನ್ನು ದಾಟಲು. ಒಂದು ಕಾಲಿನ ಮೇಲೆ ಓಲಾಡಿದಂತಾಗಿ, ಪಕ್ಕದ ಗೋಡೆ ಹಿಡಿಯಲು ಕೈ ಚಾಚಿದರು. ಅಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಭಾವ ನಿಯಮ ಮರೆತು ಗೋಡೆ ಹಾರಿ ಓಡಿದರು. ಅತ್ತೆಮ್ಮನ ಕೈಗೆ ಅವರ ಮೊಣಕೈ ಸಿಕ್ಕಿತು. ಅದನ್ನು ಬಿಗಿಯಾಗಿ ಹಿಡಿದು ಅವರು ಸುಧಾರಿಸಿಕೊಂಡರು.

“ಎಲ್ಲಾ ಚೆನ್ನಾಗಿ ಬರೆದಿದ್ದೀಯಪ್ಪ. ನಾನು ಹಿಡ್ಕೊಳ್ಳೋದು ಎಲ್ಲಿ?” ಎಂದರು ಅತ್ತೆಮ್ಮ.

ಭಾವ ಗಾಜಿನ ಗೆರೆ ನೋಡಿದರು. ಗಾಜನ್ನು ಹಿಡಿದುಕೊಳ್ಳಲಾಗುವುದಿಲ್ಲ. ಇಷ್ಟು ಅಳತೆ ತೆಗೆದರೂ ತಾಯಿಯ ಕೈ ಎಲ್ಲಿಗೆ ಬರುತ್ತದೆ ಎಂದು ತಾವು ಅಳೆದಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಬಹಳ ನೊಂದುಕೊಂಡರು. ನೊಂದುಕೊಂಡು, ಬಾತ್‌ರೂಮನ್ನು ಪೂರಾ ಮೊದಲಿನಿಂದ ಬರೆಯಬೇಕು, ಎಲ್ಲರದೂ ಮತ್ತೆ ಟ್ರಯಲ್ ಆಗಬೇಕು, ನಾಳೆ ಶುರು ಮಾಡೋಣ ಎಂದರು. ಅತ್ತೆಮ್ಮ ಒಳಗೆ ಹೋಗಿ ಸೂಟ್‌ಕೇಸಿಗೆ ಬಟ್ಟೆ ಜೋಡಿಸಿದರು. ಅದರ ಚಿಲಕ ಬಿದ್ದ ಸದ್ದು ಕೇಳಿ ಅಕ್ಕನ ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಿಗ್ಗೆ ಭಾವ, ಗಾಜಿಗೇನಾದರೂ ಕಂಬಿ ಕೂಡಿಸಬಹುದೋ ನೋಡುತ್ತೇನೆ ಎಂದು ಡಾಕ್ಟರ ಮನೆಗೆ ಹೋದರು. ಅಕ್ಕ ತರಕಾರಿಗೆ ಹೋದಳು. ಅತ್ತೆಮ್ಮ ಪಕ್ಕದಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು, ಮಗ ಬಂದ ಕೂಡಲೇ ಹೊರಡುವುದೆಂದು. ನಾನು ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದೆ. ಹಳೆಯದು, ಗೋಡೆಗಳಿದ್ದದ್ದು.

ತಲೆಗೆ ಸೋಪು ಹಾಕಿಕೊಂಡಿದ್ದೆ. ಅಂಗಳದಲ್ಲಿ ಬಹಳ ಜನರ ಕಾಲ ಸದ್ದು, ಕಬ್ಬಿಣ ನೆಲಕ್ಕೆ ಊರಿದ ಸದ್ದು. ಬಚ್ಚಲ ಕಿಂಡಿಯಿಂದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಅಜ್ಜಿ, ಈ ಮನೆಯವರ ಬಚ್ಚಲು ಒಡೀಬೇಕು ಅಂತ ಪುರಸಭೆಯಿಂದ ಕಳ್ಸಿದಾರೆ. ಇಲ್ಲಿ ನೋಡಿದ್ರೆ ಬರೀ ಸುಣ್ಣದ ಗೆರೆ ಇದೆ,” ಎಂದಿತು ಒಂದು ಗಡಸು ದನಿ.

ಸೂಟ್‌ಕೇಸನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. ಅತ್ತೆಮ್ಮ ಯೋಚಿಸುತ್ತಿದ್ದರು ಎಂದು ಈಗ ನನಗೆ ಗೊತ್ತು.

“ಗೆರೆ ಒಡೆಯೋಕೆ ಯಾರಾದ್ರೂ ಇಷ್ಟು ಜನಾನ ಕಳಿಸ್ತಾರೇನಪ್ಪ? ಬಚ್ಚಲು ಒಳಗಿದೆ, ಬನ್ನಿ ತೋರಿಸ್ತೀನಿ. ಮೊದಲು ಆ ಹೊಸಿಲು ಒಡೀರಿ.”

ಮರುಕ್ಷಣ ಬಾಗಿಲು ತಟ್ಟಿದರು. ಈಚೆ ಬಾಪ್ಪ, ಒಡೆಯೋರು ಬಂದಿದಾರೆ ಎಂದು ಅತ್ತೆಮ್ಮ ಶಾಂತವಾಗಿ ಹೇಳಿದರು. ಭಾವನ ನಾಳೆ ನಿಜವಾಗಿಯೂ ಬಂದುಬಿಟ್ಟಿತೇ ಎಂಬ ಆಶ್ಚರ್ಯದಲ್ಲಿ ಕಣ್ಣು ಬಿಟ್ಟೆ, ಸೋಪೆಲ್ಲ ಒಳಗೆ ಹೋಯಿತು. ಟವೆಲ್ ಸುತ್ತಿಕೊಂಡು, ಉರಿಯುವ ಕಣ್ಣು ಮುಚ್ಚಿಕೊಂಡು, ಗೋಡೆ ತಡವುತ್ತ ಈಚೆ ಬಂದೆ. ನನ್ನ ಹಿಂದೆಯೇ ಮೊದಲ ಸುತ್ತಿಗೆ ಬಿತ್ತು.

ಪುರಸಭೆಯವರು ಕಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೋ ಗೊತ್ತಿಲ್ಲ, ಒಡೆಯುವುದರಲ್ಲಿ ಮಾತ್ರ ಹೆಸರು ಇಡುವಂತಿಲ್ಲ. ಹೊಸಿಲು ಹೋಯಿತು, ನೆಲ ಹೋಯಿತು, ಬಚ್ಚಲಿಗೂ ಕಕ್ಕಸಿಗೂ ನಡುವಿನ ಗೋಡೆ ಹೋಯಿತು. ಅತ್ತೆಮ್ಮ ಕುರ್ಚಿ ಹಾಕಿಸಿಕೊಂಡು ಕೂತು, ಆ ಮೂಲೆಯಲ್ಲಿ ಒಂಚೂರು ಉಳಿದಿದೆ ನೋಡಿ ಎಂದು ಹೇಳುತ್ತಿದ್ದರು.

ಭಾವ ವಾಪಸಾದಾಗ ಇಟ್ಟಿಗೆ ಚೂರಿನ ರಾಶಿ ಅಂಗಳದವರೆಗೆ ಬಂದಿತ್ತು. ಕತ್ತಿನ ಟೇಪು ಹಿಡಿದು ನಿಂತೇ ಬಿಟ್ಟರು. ಟ್ರಯಲ್ ಮುಗಿದಿರಲಿಲ್ಲ ಎಂದಷ್ಟೇ ಅವರ ಬಾಯಿಂದ ಬಂದದ್ದು. ಅಷ್ಟರಲ್ಲಿ ಕೆಲಸ ಹೇಗಾಯಿತೆಂದು ನೋಡಲು ಇನ್ಸ್‌ಪೆಕ್ಟರು ಬಂದರು. ಅಂಗಳದ ಸುಣ್ಣದ ಗೆರೆ ಹಾಗೇ ಇದೆ, ಮನೆಯೊಳಗಿನ ಬಚ್ಚಲು ಇಲ್ಲ. ಅವರು ಗೆರೆ ನೋಡಿದರು, ರಾಶಿ ನೋಡಿದರು, ತಮ್ಮ ಮೆಟ್ಟಿಲಿಗೆ ಬಂದು ನಿಂತಿದ್ದ ಹೆಡ್‌ಮಾಸ್ತರ ಮುಖ ನೋಡಿದರು. ಹೆಡ್‌ಮಾಸ್ತರು ಬೆರಳಿನಿಂದ ಗೆರೆ ತೋರಿಸಿದರು. ನೀವು ಟೈಲ್ಸ್ ಅಂಗಡಿಯವರಲ್ಲವೇ ಎಂದು ಭಾವ ಕೇಳಿದ ಮೇಲೆ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಇನ್ಸ್‌ಪೆಕ್ಟರು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು. ಕ್ರಮಬದ್ಧವಾದ ಬಚ್ಚಲೊಂದನ್ನು ಪುರಸಭೆಯೇ ಒಡೆದಿತ್ತು, ಅಕ್ರಮ ಬಚ್ಚಲನ್ನು ಒಡೆಯೋಣವೆಂದರೆ ಅದರಲ್ಲಿ ಒಡೆಯುವಂಥದ್ದು ಏನೂ ಇರಲಿಲ್ಲ. ಮೇಲಿನವರ ಕಿವಿಗೆ ಬೀಳುವ ಮೊದಲು ಇದೇ ಆಳುಗಳಿಂದ ಕಟ್ಟಿಸಿಕೊಡುತ್ತೇನೆ, ದಯವಿಟ್ಟು ಬಾಯಿ ಬಿಡಬೇಡಿ ಎಂದು ಅತ್ತೆಮ್ಮನ ಮುಂದೆ ಕೈ ಮುಗಿದರು.

ಅತ್ತೆಮ್ಮ ಆಗಲಿ ಎಂದು ಎದ್ದು, ಸೂಟ್‌ಕೇಸ್ ತೆರೆದು ತಮ್ಮ ಟವೆಲ್ ತೆಗೆದುಕೊಂಡು ಹೆಡ್‌ಮಾಸ್ತರ ಕಡೆ ತಿರುಗಿದರು.

“ಮೇಷ್ಟ್ರೇ, ನಿಮ್ಮನೇಲಿ ಬಿಸಿನೀರು ಇದ್ಯಾ?”

ದೂರು ಕೊಟ್ಟ ತಪ್ಪಿಗೆ ಹೆಡ್‌ಮಾಸ್ತರು ಒಳಗೆ ಹೋಗಿ ನೀರು ಕಾಯಲು ಇಟ್ಟರು. ಮರುದಿನದಿಂದ ನಾವು ಮನೆಯವರೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಅವರ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು, ಸರಿಯಾಗಿ ಕೊಳಚೆಯ ಗೆರೆ ಮುಗಿಯುವ ಜಾಗದಲ್ಲಿ. ಅವರ ಮನೆಯಲ್ಲಿ ಬಿಸಿನೀರು ಅವರ ಸರದಿಗೆ ಉಳಿಯುತ್ತಿರಲಿಲ್ಲ. ಭಾವ ಒಳಗೆ ಹೋದರೆ ಅವರ ಬಾತ್‌ರೂಮಿನ ಅಳತೆ ತೆಗೆಯುತ್ತ ಕೂರುತ್ತಿದ್ದರು, ಹೊರಗೆ ಹೆಡ್‌ಮಾಸ್ತರು ಹೊಟ್ಟೆ ಹಿಡಿದುಕೊಂಡು ಅತ್ತಿತ್ತ ಓಡಾಡುತ್ತಿದ್ದರು. ಕೊನೆಗೆ ಅವರೇ ನಮ್ಮ ಬಚ್ಚಲ ಕೆಲಸದ ಮೇಲ್ವಿಚಾರಣೆಗೆ ನಿಂತರು. ಬೆಳಿಗ್ಗೆ ಆಳುಗಳ ಹಾಜರಿ ಕೂಗಿದರು. ಬೀಡಿ ಸೇದಲು ಹೋಗಬೇಕಾದರೆ ಕೈಯೆತ್ತಿ ಅನುಮತಿ ಕೇಳಬೇಕೆಂದರು. ತಡವಾಗಿ ಬಂದ ಗಾರೆ ಮೇಸ್ತ್ರಿಯನ್ನು ಒಂದು ದಿನ ಬಾಗಿಲ ಹೊರಗೇ ನಿಲ್ಲಿಸಿದರು. ಭಾವ ಟೇಪು ಹಿಡಿದು, ಆ ಗೋಡೆ ಇನ್ನೊಂಚೂರು ಈ ಕಡೆ ಬಂದಿದ್ದರೆ ಎಂದು ಶುರು ಮಾಡಿದರೆ ಸಾಕು, ನೀವು ನಿಮ್ಮ ಅಂಗಡಿಗೆ ನಡೀರಿ ಎಂದು ಅಟ್ಟುತ್ತಿದ್ದರು. ಕೆಲಸ ಓಡಿತು.

ಕಡೆಗೆ ಕಂಬಿ ಕೂಡಿಸುವುದೊಂದು ಉಳಿಯಿತು. ಎಷ್ಟು ಎತ್ತರಕ್ಕೆ ಎಂದು ಮೇಸ್ತ್ರಿ ಕೇಳಿದ. ಭಾವ ಟೇಪು ಬಿಚ್ಚಿದರು, ಅನುಮಾನ ಬಂದು ಮತ್ತೆ ಸುತ್ತಿದರು.

“ಅಳತೆ ಯಾಕೆ? ಇವನನ್ನೇ ಅಲ್ಲಿ ನಿಲ್ಲಿಸಿ,” ಎಂದರು ಅತ್ತೆಮ್ಮ.

ಭಾವ ಹೊಸ ಗೋಡೆಗೆ ಒತ್ತಿಕೊಂಡು, ಆ ಸಂಜೆ ನಿಂತ ಹಾಗೆ ಮೊಣಕೈ ಮಡಿಸಿ ನಿಂತರು. ಅತ್ತೆಮ್ಮ ಹೊಸಿಲಿಲ್ಲದ ಬಾಗಿಲಿನಿಂದ ಒಳಗೆ ಬಂದು ಅದನ್ನು ಹಿಡಿದುಕೊಂಡರು. ಇಲ್ಲೇ ಸರಿ ಎಂದರು. ಮೇಸ್ತ್ರಿ ಅಲ್ಲೇ ಗುರುತು ಹಾಕಿದ. ಅಲ್ಲಿಯವರೆಗೆ ಭಾವನ ಕೈಯಿಂದ ಒಂದೇ ಟ್ರಯಲ್ಲಿಗೆ ಸರಿಬಂದ ಅಳತೆ ಅದೊಂದೇ, ಅದಕ್ಕೆ ಟೇಪೂ ಬೇಕಾಗಲಿಲ್ಲ. ಅವರು ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು.

ಸೂಟ್‌ಕೇಸನ್ನು ನಾನೇ ಅಟ್ಟಕ್ಕೆ ಏರಿಸಿದೆ. ಆ ರಾತ್ರಿ ಊಟಕ್ಕೆ ಕೂತಾಗ, ಅವರು ಒಡೆಯಲು ಬಂದದ್ದು ಅಂಗಳದ್ದನ್ನು ಎಂದು ನಿನಗೆ ಗೊತ್ತಿತ್ತೇ ಎಂದು ಭಾವ ತಾಯಿಯನ್ನು ಮೆಲ್ಲಗೆ ಕೇಳಿದರು. ಅತ್ತೆಮ್ಮ, ತಟ್ಟೆ ನೋಡಿಕೊಂಡು ಊಟ ಮಾಡು, ಬಾಯಿ ಇರೋದು ತಿನ್ನೋಕೆ ಎಂದು ಬೈದರು. ಭಾವ ಹೊಟ್ಟೆತುಂಬ ಉಂಡರು.

ಈಗ ಅತ್ತೆಮ್ಮ ದಿನಾ ಸ್ನಾನ ಮಾಡುತ್ತಾರೆ. ಕಂಬಿ ಗಟ್ಟಿಯಾಗಿದೆ. ಆದರೂ ಅವರು ಒಳಗಿರುವಷ್ಟು ಹೊತ್ತೂ ಭಾವ ಬಾಗಿಲ ಹೊರಗೆ ಮೊಣಕೈ ಮಡಿಸಿಕೊಂಡು ನಿಂತಿರುತ್ತಾರೆ. ಮೊನ್ನೆ ಹಾಗೆ ನಿಂತಿದ್ದಾಗ ಡಾಕ್ಟರು ತಮ್ಮ ಸೂಟು ಕೇಳಿಕೊಂಡು ಮನೆಗೇ ಬಂದರು. ಅಂಗಳದಲ್ಲಿ ಉಳಿದಿದ್ದ ಸುಣ್ಣದ ಗೆರೆಯನ್ನು ದಾಟಲು ಹೋದವರನ್ನು ಹೆಡ್‌ಮಾಸ್ತರು ಕಿಟಕಿಯಿಂದಲೇ ತಡೆದು, ಬಾಗಿಲು ಆ ಕಡೆ ಎಂದು ಸುತ್ತಿಸಿ ಕಳಿಸಿದ್ದರು. ಭಾವ ಒಳಗೆ ಕೇಳಿಸದಂತೆ ದನಿ ತಗ್ಗಿಸಿ, ಎಲ್ಲಾ ಆಗಿದೆ ಸಾರ್, ಕಾಜಾ ಒಂದು ಬಾಕಿ, ನಾಳೆ ಬನ್ನಿ ಎಂದರು.

ಒಳಗೆ ನೀರಿನ ಸದ್ದು ನಿಂತಿತು.

“ಯಾರಿಗೋ ನಾಳೆ ಅಂದ ಹಾಗಿತ್ತು. ಆ ಸುತ್ತಿಗೆಯವರನ್ನ ನಿನ್ನ ಅಂಗಡಿಗೆ ಕಳಿಸ್ಲೇನೋ?” ಎಂದು ಅತ್ತೆಮ್ಮ ಕೇಳಿದರು.

ಡಾಕ್ಟರ ಸೂಟು ಆ ಸಂಜೆಯೇ ಸಿದ್ಧವಾಯಿತು. ಡಾಕ್ಟರು ಟ್ರಯಲ್ ಇಲ್ಲದೆಯೇ ಹಾಕಿಕೊಂಡರು, ಮೈಗೆ ಸರಿಯಾಗಿ ಕೂತಿತು.